ಉಸಿರು ಹಿಡಿಯುತ್ತಿದ್ದ ಗಾಡಿ

ಮಾಮಾ ಊಟಕ್ಕೆ ಕೂತಾಗಲೂ ಅವರ ಬಲಗಾಲಿನ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿಕೊಳ್ಳುತ್ತಿರುವಾಗ ಆ ಹೆಬ್ಬೆರಳು ನೆಲವನ್ನು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಅತ್ತೆ ಮಜ್ಜಿಗೆ ಇಡಲು ಬಂದವಳು ಆ ಕಾಲಿಗೊಂದು ಮೆಲ್ಲಗೆ ಬಡಿಯುತ್ತಿದ್ದಳು. ಗಳಿಗೆ ಹೊತ್ತು ನಿಲ್ಲುತ್ತಿತ್ತು, ಆಮೇಲೆ ಮತ್ತೆ ಶುರು. ಎಕ್ಸಿಲರೇಟರಿಗೆ ಕಾಲು ಒತ್ತಿದ ಕೂಡಲೇ ಗಾಡಿ ಬಂದ್ ಬೀಳುತ್ತದೆ ಎಂಬ ಹೆದರಿಕೆಯನ್ನು ಅವರು ಊಟದ ಮಣೆಯವರೆಗೂ ಹೊತ್ತು ತರುತ್ತಿದ್ದರು.

ಅವರು ನನ್ನ ಸೋದರತ್ತೆಯ ಗಂಡ, ಬನಹಟ್ಟಿಯ ನಮ್ಮ ಮನೆಗೆ ಮನೆಅಳಿಯರಾಗಿ ಬಂದವರು. ಹುಟ್ಟಿದ್ದು ಸಾವಳಗಿಯಲ್ಲಿ. ಅಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ, ಮನೆ ಹಂಚಿ, ಇವರ ಪಾಲಿಗೆ ನಿಲ್ಲಲು ಒಂದು ಬಾಗಿಲೂ ಉಳಿದಿರಲಿಲ್ಲವಂತೆ. ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಮೂರರ ಮೇಲೆ ನಮ್ಮ ಅಪ್ಪ, ಚಿಕ್ಕಪ್ಪ, ಚಿಕ್ಕಪ್ಪನ ಮಗ ಇರುತ್ತಿದ್ದರು. ನಾಲ್ಕನೆಯದು ಮಾಮಾನಿಗೆ ಎಂದು ಮದುವೆಯಲ್ಲೇ ಮಾತಾಗಿತ್ತು. ಆದರೆ ಮಾಮಾ ಬರುವಾಗಲೇ ಜತೆಗೆ ಒಂದು ಗಾಡಿ ತಂದಿದ್ದರು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪೆಟ್ರೋಲ್ ಟ್ರಕ್ಕು. ಊರಿನ ಗಾಡಿಗಳೆಲ್ಲ ಡೀಸೆಲ್ಲಾಗಿದ್ದ ಕಾಲದಲ್ಲಿ ಅದನ್ನು ನೋಡಿ ನಗದವರಿಲ್ಲ. ಮಾಮಾ ಮಾತ್ರ ಅದರಲ್ಲೇ ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರ್ಖಾನೆಯಿಂದ ನೇಕಾರರ ಮನೆಗಳಿಗೆ ಬೀಮು ಸಾಗಿಸುವ ಕೆಲಸ ಹಿಡಿದರು. ನಾಲ್ಕನೇ ಮಗ್ಗ ಖಾಲಿಯೇ ಉಳಿಯಿತು.

ಅಪ್ಪನಿಗೆ ಆ ಖಾಲಿ ಮಗ್ಗ ಕಣ್ಣಿನಲ್ಲಿ ಬಿದ್ದ ಕಸದಂತೆ. ಗಾಡಿ ಕೆಟ್ಟು ನಿಂತಾಗೆಲ್ಲ ಅವನ ಮಾತು ಒಂದೇ: "ಅದನ್ನ ಗುಜರಿಗೆ ಹಾಕ್ರಿ. ಮಗ್ಗ ಖಾಲಿ ಐತಿ, ಬಂದ ನಿಂದರ್ರಿ." ಬೈಗುಳವಲ್ಲ, ಮರ್ಯಾದೆಯಿಂದಲೇ ಹೇಳುತ್ತಿದ್ದ. ಮಾಮಾ ಎದ್ದು ಮತ್ತೆ ಗಾಡಿಯ ಬಾನೆಟ್ಟು ಎತ್ತುತ್ತಿದ್ದರು. ಉಣ್ಣುವ ಅನ್ನ, ಮಲಗುವ ಕೋಣೆ ಆ ಮನೆಯವು, ಕೊನೆಗೆ ಹೆಂಡತಿ ಕೂಡ ಆ ಮನೆಯ ಮಗಳು. ಗಾಡಿಯೊಂದೇ ಅವರದು. ಅದು ಹೋದರೆ ಅವರು ಹೆಂಡತಿಯ ಅಣ್ಣನ ಕೈಕೆಳಗೆ ನಿಲ್ಲಬೇಕು, ಅದೂ ಜೀವ ಇರುವ ತನಕ. ನಾನೂ ಗಂಡನ ಮನೆ ಸಾಕಾಗಿ ಮುಧೋಳದಿಂದ ವಾಪಸು ಬಂದು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದವಳು. ತವರಿಗೆ ಮರಳಿದ ಮಗಳು, ಮನೆಅಳಿಯ. ನಮಗಿಬ್ಬರಿಗೂ ಆ ಮನೆಯಲ್ಲಿ ಎರಡನೇ ಸಲ ಪಲ್ಯ ಕೇಳಲು ನಾಚಿಕೆ. ನಾವಿಬ್ಬರೂ ಒಬ್ಬರಿಗೊಬ್ಬರು ಅರ್ಥವಾಗಿದ್ದಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ.

ಗಾಡಿಯ ರೋಗ ವಿಚಿತ್ರದ್ದು. ಸ್ಲೋದಲ್ಲಿ, ಅಂದರೆ ಕಾಲು ಒತ್ತದೆ ನಿಂತಾಗ, ಇಂಜಿನ್ನು ಚಂದ ನಡೆಯುತ್ತಿತ್ತು. ಓಡುವಾಗಲೂ ತಕರಾರಿಲ್ಲ. ನಿಂತಲ್ಲಿಂದ ಎತ್ತಲು ಕಾಲು ಒತ್ತಿದರೆ ಮಾತ್ರ ಒಂದು ಕ್ಷಣ ಉಸಿರು ಹಿಡಿಯುತ್ತಿತ್ತು. ಆಮೇಲೆ ಒಂದೋ ಸತ್ತೇ ಹೋಗುವುದು, ಇಲ್ಲವೆ ಜಿಗಿಯುವುದು. ಜಿಗಿದರೆ ಹಿಂದಿನ ಬೀಮುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಬೀಮು ಎಂದರೆ ಸಾವಿರಾರು ಎಳೆಗಳಿಗೆ ಗಂಜಿ ಕುಡಿಸಿ ಸುತ್ತಿದ ಉರುಳೆ. ಅಂಚಿಗೆ ಪೆಟ್ಟು ಬಿದ್ದು ಎಳೆಗಳು ಒಳಗೆ ಜಾರಿದರೆ ಆ ಬೀಮಿನ ಅಷ್ಟೂ ಸೀರೆಗೆ ಅಂಚು ಕೂರುವುದಿಲ್ಲ.

ನಮ್ಮೂರಲ್ಲಿ ಮಗ್ಗಗಳು ನಿಲ್ಲುವುದು ಅಮಾವಾಸ್ಯೆಗೆ. ಅವತ್ತು ಮಾತ್ರ ಊರಿಗೆ ಕಿವಿ ಬರುತ್ತದೆ. ಉಳಿದ ದಿನ ಆ ಖಟಖಟದಲ್ಲಿ ಇಂಜಿನ್ನಿನ ಸದ್ದು ಎಲ್ಲಿ ಕೇಳಬೇಕು? ಹಾಗಾಗಿ ಮಾಮಾ ಗಾಡಿಯ ಆರೈಕೆಗೆ ಅಮಾವಾಸ್ಯೆಯನ್ನೇ ಇಟ್ಟುಕೊಂಡಿದ್ದರು. ಹೊರಗೆ ನೀರು ಹಾಕಿ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟುವುದು. ಆಮೇಲೆ ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬೊರೇಟರ್ ಬಿಚ್ಚಿ ಒಂದೊಂದು ತುಂಡನ್ನೂ ಥಿನ್ನರಿನಲ್ಲಿ ತಿಕ್ಕಿ, ಬಿಸಿಲಲ್ಲಿ ಬಿಳಿ ಬಟ್ಟೆಯ ಮೇಲೆ ಸಂಡಿಗೆ ಹಾಕಿದಂತೆ ಒಣಹಾಕುವುದು. ನೇಕಾರರ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲ ಸಂಶಯ ಹತ್ತಿಯ ಧೂಳಿನ ಮೇಲೆ. ಹೊರಗಿನಿಂದ ಬಂದವರಾದರೂ ಮಾಮಾ ಅದನ್ನು ನಮಗಿಂತ ಗಟ್ಟಿಯಾಗಿ ಕಲಿತಿದ್ದರು. "ಮದಲ ಝಾಡಸ್ಬೇಕು, ಆಮ್ಯಾಲ ನೋಡ್ಬೇಕು" ಎನ್ನುತ್ತಿದ್ದರು. ಹಾಗೆ ತೊಳೆತೊಳೆದೂ ರೋಗ ಮಾತ್ರ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹೆಚ್ಚುತ್ತ ಹೋಯಿತು. ಅವರು ಪೆಟ್ರೋಲ್ ಪಂಪಿನವನನ್ನು ಬೈದರು, ಪ್ಲಗ್ಗು ಬದಲಿಸಿದರು, ಸ್ಲೋ ಏರಿಸಿಟ್ಟರು. ಗಾಡಿ ನಿಂತಲ್ಲೇ ಗಡಗಡ ನಡುಗುವುದೊಂದು ಹೊಸದಾಗಿ ಸೇರಿತು.

ಕೊನೆಗೆ ಸೈಜಿಂಗಿನ ಮಾಲಕರು ಕರೆದು ಹೇಳಿಬಿಟ್ಟರು, ಇನ್ನೊಂದು ಬೀಮು ಕೆಟ್ಟರೆ ಕೆಲಸ ಬೇರೆಯವರಿಗೆ ಎಂದು. ಹೊಸ ಡೀಸೆಲ್ ಗಾಡಿಯವನೊಬ್ಬ ಆಗಲೇ ಅವರ ಬಾಗಿಲಲ್ಲಿ ನಿಂತಿದ್ದ. ಮಾಮಾ ಮನೆಗೆ ಬಂದು ಅತ್ತೆಯೊಬ್ಬಳಿಗೇ ಹೇಳಿದರು. ನನಗೆ ಹೇಳಿದ್ದು ಅತ್ತೆ. ಹೇಳಿ, ನಾಲ್ಕನೇ ಮಗ್ಗದ ಕಡೆ ನೋಡಿದಳು.

ಅದಾಗಿ ಸ್ವಲ್ಪ ದಿನಕ್ಕೆ ಗಾಡಿ ನಮ್ಮ ಓಣಿಯಲ್ಲೇ ಸತ್ತು ನಿಂತಿತು, ಮಟಮಟ ಮಧ್ಯಾಹ್ನ, ಬೀಮು ತುಂಬಿಕೊಂಡು. ನಮ್ಮ ಓಣಿ ಎಂಥದೆಂದರೆ ಟ್ರಕ್ಕು ಒಳಗೆ ಬಂದರೆ ಒಂದು ಬದಿ ಎದುರುಮನೆಯ ಕಟ್ಟೆ, ಇನ್ನೊಂದು ಬದಿ ಗೋಡೆ. ಗಾಡಿಯ ಎರಡೂ ಬಾಗಿಲು ತೆರೆಯುವುದಿಲ್ಲ. ಓಡಿಸುವವರ ಬೆನ್ನ ಹಿಂದಿನ ಕಿಟಕಿಗೆ ಕಬ್ಬಿಣದ ಸರಳು. ಮಾಮಾ ಚಾವಿ ತಿರುವುತ್ತಿದ್ದರು. ಗಾಡಿ ಹತ್ತುತ್ತಿತ್ತು, ಕಾಲು ಒತ್ತಿದ ಕೂಡಲೇ ಸಾಯುತ್ತಿತ್ತು. ನಾನು ಹೊರಗೆ ಬಂದಾಗ ಗಾಜಿನೊಳಗೆ ಅವರ ಮುಖ ಬೆವರಿನಲ್ಲಿ ತೊಯ್ದಿತ್ತು. ಅಪ್ಪ ನನ್ನ ಹಿಂದೆ ಬಂದು ನಿಂತು ಎರಡೂ ಅಂಗೈ ಝಾಡಿಸಿ ತೋರಿಸಿದ. ಮುಗಿಯಿತು, ಬಿಡಿ ಎಂದು.

ಎರಡೂ ಬದಿ ಮಗ್ಗ ಹೊಡೆಯುತ್ತಿರುವಾಗ ಕೂಗಿ ಪ್ರಯೋಜನವಿಲ್ಲ. ನಾವು ಮಗ್ಗದ ಮನೆಯವರು ಕೈಸನ್ನೆಯಲ್ಲೇ ಮಾತಾಡುತ್ತೇವೆ. ಮಾಮಾ ಒಳಗಿನಿಂದ ಸನ್ನೆ ಮಾಡಿದರು: ಬಾನೆಟ್ಟು ಎತ್ತು, ಕಾರ್ಬೊರೇಟರಿನ ಮೇಲಿನ ಗಾಳಿಡಬ್ಬಿಯ ತಿರುಪು ಬಿಚ್ಚು, ಒಳಗೆ ಬಗ್ಗಿ ನೋಡು. ಆಮೇಲೆ ತಮ್ಮ ತೊಡೆ ಮುಟ್ಟಿ ತೋರಿಸಿದರು, ನಾನು ಕಾಲು ಒತ್ತುತ್ತೇನೆ ಎಂದು. ಇಂಜಿನ್ನು ಬಂದ್ ಇತ್ತು. ಕಾರ್ಬೊರೇಟರಿನ ಗಂಟಲೊಳಗೆ ಬಗ್ಗಿದೆ. ತಗಡಿನ ಬಿಲ್ಲೆಯೊಂದು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಕಾಲು ಒತ್ತಿದ ಕೂಡಲೇ ಅಲ್ಲಿ ಪೆಟ್ರೋಲು ಒಂದು ಎಳೆಯಾಗಿ ಚಿಮ್ಮಬೇಕು. ಪ್ರತಿ ಅಮಾವಾಸ್ಯೆ ಜತೆಗೆ ಕೂತು ಕೇಳಿದ್ದರಿಂದ ಅಷ್ಟು ಗೊತ್ತಿತ್ತು. ಏನೂ ಚಿಮ್ಮಲಿಲ್ಲ. ನಾನು ತಲೆಯೆತ್ತಿ ಎರಡು ಬೆರಳು ಜೋಡಿಸಿ ಬಿಡಿಸಿ ತೋರಿಸಿದೆ. ಎಳೆ ಹರಿದರೆ ನಾವು ಮಾಡುವ ಸನ್ನೆ ಅದು.

ಮಾಮಾ ಡಬ್ಬಿ ಮುಚ್ಚಲು ನನಗೆ ಸನ್ನೆ ಮಾಡಿ ಚೋಕ್ ಅರ್ಧ ಎಳೆದರು. ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾದರೆ ಗಾಡಿ ಎದ್ದೇಳಬೇಕು. ಎದ್ದಿತು. ಕಪ್ಪು ಹೊಗೆ ಉಗುಳುತ್ತ, ಅಜ್ಜಿ ನಡೆದಂತೆ ನಡೆದು, ಒಂದು ಬೀಮೂ ಅಲ್ಲಾಡದ ಹಾಗೆ ಓಣಿ ದಾಟಿತು.

ಬೀಮು ಇಳಿಸಿ ಬಂದ ಮಾಮಾ ಅಂಗಳದಲ್ಲಿ, ಕಾಲು ಒತ್ತಿದಾಗ ಪೆಟ್ರೋಲು ಚಿಮ್ಮಿಸುವ ಕಾರ್ಬೊರೇಟರಿನ ಪುಟ್ಟ ಪಂಪನ್ನು ಬಿಚ್ಚಿದರು. ತುದಿಯಲ್ಲಿ ಬಟ್ಟಲಿನಂಥ ಚರ್ಮದ ವಾಷರ್. ಮೆತ್ತಗಿದ್ದು ಪಂಪಿನ ಒಳಗೋಡೆಗೆ ಅಂಟಿಕೊಂಡಿದ್ದರೆ ಪೆಟ್ರೋಲನ್ನು ಮೇಲೆ ತಳ್ಳುತ್ತದೆ. ಅದು ಒಣಗಿದ ಮಾವಿನ ಸಿಪ್ಪೆಯಾಗಿ ಸೆಟೆದುಕೊಂಡಿತ್ತು. ಮಾಮಾ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಥಿನ್ನರು, ಬಿಸಿಲು, ಬಿಳಿ ಬಟ್ಟೆ ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು.

"ತೊಳದ ತೊಳದ ನಾನ ಕೊಂದೇನಿ ಇದನ್ನ" ಎಂದರು.

ಹಳೆಯ ಗಾಡಿ, ಸಾಮಾನು ಎಲ್ಲೂ ಸಿಗದು. ನಾನು ಒಳಗೆ ಹೋಗಿ ಮಗ್ಗದಲ್ಲಿ ಲಾಳಿ ಹೊಡೆಯುವ ಚರ್ಮದ ಪಟ್ಟಿಯೊಂದನ್ನು ಬಿಚ್ಚಿ ತಂದುಕೊಟ್ಟೆ. ಯಾವ ಮಗ್ಗದ್ದು ಎಂದು ಕೇಳಿದರು. ನಿಮ್ಮದೇ ಎಂದೆ. ಮಾಮಾ ಬಾಗಿಲ ಕಡೆ ಒಮ್ಮೆ ನೋಡಿ, ಚಾಕು ತೆಗೆದುಕೊಂಡರು. ಅದನ್ನು ಹೆರೆದು ತೆಳುವಾಗಿಸಿ, ಔಡಲೆಣ್ಣೆಯಲ್ಲಿ ನೆನೆಸಿ, ಒಂದು ಬೋಲ್ಟಿನ ತಲೆಗೆ ಒತ್ತಿ ಬಟ್ಟಲು ಮಾಡಿದರು. ಅಪ್ಪ ನೋಡಿದ. ಪಟ್ಟಿಯ ಲೆಕ್ಕ ಕೇಳದೆ ತನ್ನ ಮಗ್ಗಕ್ಕೆ ಮರಳಿದ. ಅದಕ್ಕಾಗಿ ಇವತ್ತಿಗೂ ನನಗೆ ಅಪ್ಪನ ಮೇಲೆ ಗೌರವ.

ಗಾಡಿ ಬೆಣ್ಣೆಯ ಹಾಗೆ ಏಳತೊಡಗಿತು. ಕೆಲಸ ಉಳಿಯಿತು. ಮುಂದಿನ ಅಮಾವಾಸ್ಯೆಗೆ ನಾನು ಥಿನ್ನರಿನ ಡಬ್ಬಿ ತಂದಿಟ್ಟರೆ ಮಾಮಾ ಅದನ್ನು ಪಕ್ಕಕ್ಕೆ ಸರಿಸಿ, "ಇನ್ನ ತೊಳಿಯೂದ ಬ್ಯಾಡ. ನೀ ಹತ್ತ ಬೇ" ಎಂದು ನನ್ನನ್ನು ಸ್ಟೇರಿಂಗಿಗೆ ಕೂರಿಸಿದರು. ಹೀಗೆ ಕಲಿತೆ. ಹಿಪ್ಪರಗಿಯ ಬ್ಯಾರೇಜಿನವರೆಗೆ ಹೋಗುತ್ತಿದ್ದೆವು. ಅಲ್ಲಿ ನದಿಗೆ ಮುಖ ಮಾಡಿ ನಿಲ್ಲಿಸಿ, ಮತ್ತೆ ಊಟದ ಹೊತ್ತಿಗೆ ಸರಿಯಾಗಿ ವಾಪಸು. ಬೀಗರ ಮನೆಯ ತಾಟನ್ನು ಕಾಯಿಸಬಾರದು ಎನ್ನುವುದು ಅವರ ನೇಮ. ಇಷ್ಟು ವರ್ಷವಾದರೂ ಅದು ಅವರಿಗೆ ಬೀಗರ ಮನೆಯೇ. ಒಮ್ಮೆ ನಾನು ಕೇಳಿದೆ, ಮನೆಗೆ ತಿರುಗದೆ ಸೀದಾ ಹೋಗೇಬಿಡಬಾರದೇ ಎಂದು.

"ನಿಮ್ಮತ್ತಿನ್ನ ಎಲ್ಲಿ ಕರಕೊಂಡ ಹೋಗ್ಲಿ? ನಂದು ಅಂತ ಎಲ್ಲಿ ಬಾಗಲಾ ಐತಿ?" ಎಂದರು. ಗಾಡಿ ತಿರುಗಿಸು ಎಂದು ಕೈಯಲ್ಲೇ ತೋರಿಸಿದರು.

ಕಳೆದ ವರ್ಷ ಎದೆಯ ಕಾಯಿಲೆಗೆ ಹಾಸಿಗೆ ಹಿಡಿದರು. ಆ ಚಿಕ್ಕ ಕೋಣೆಯಿಂದ ಹೊರಗೆ ಬಾರದಂತಾಯಿತು. ಜೀವ ಹೋಗುವ ಮುಂಚೆ ಅಪ್ಪನನ್ನೇ ಕರೆಸಿ, ಬಹುಶಃ ಜೀವಮಾನದಲ್ಲಿ ಮೊದಲ ಸಲ ಅವನಲ್ಲಿ ಏನನ್ನೋ ಕೇಳಿಕೊಂಡರು. "ನನ್ನನ್ನ ನಿಮ್ಮ ಪಡಸಾಲ್ಯಾಗ ಕುಂದರಸಬ್ಯಾಡ್ರಿ. ಗಾಡ್ಯಾಗ ಕುಂದರಸ್ರಿ. ಅದೊಂದ ನಂದು."

ನಮ್ಮಲ್ಲಿ ತೀರಿಹೋದವರನ್ನು ಕೂರಿಸಿಯೇ ಪೂಜೆ ಮಾಡಿ ಮಣ್ಣಿಗೆ ಒಯ್ಯುವುದು. ಪಡಸಾಲೆ ಇರುವಾಗ ಓಣಿಯಲ್ಲಿ, ಗಾಡಿಯಲ್ಲಿ ಎಂದರೆ ಜನ ಏನಂದಾರು ಎಂದು ಚಿಕ್ಕಪ್ಪ ತಕರಾರು ತೆಗೆದ. ಅಪ್ಪ ಕೇಳಲಿಲ್ಲ. ತಾನೇ ಬಾಳೆಯ ಕಂಬ ತಂದು ಗಾಡಿಗೆ ಕಟ್ಟಿದ. ಓಡಿಸುವವರು ಯಾರು ಎಂಬ ಮಾತು ಬಂದಾಗ ಅತ್ತೆ ನನ್ನ ಕಡೆ ಕೈ ತೋರಿಸಿದಳು. ಗಾಡಿಯನ್ನು ಓಣಿಯೊಳಗೆ ತಂದು ಮನೆಯ ಮುಂದೆ ನಿಲ್ಲಿಸಿದೆ. ಗಾಡಿಯ ಬಾಗಿಲು ಒಂದು ಕಟ್ಟೆಗೆ, ಇನ್ನೊಂದು ಗೋಡೆಗೆ ಹತ್ತಿತು. ಹಿಂದೆ ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದು, ಹೂ ಹಾಕಿದ್ದು, ಅತ್ತೆ ಅವರ ಕಾಲು ಹಿಡಿದು ಕೂತಿದ್ದು ಎಲ್ಲ ಸರಳಿನ ಕಿಟಕಿಯಿಂದ ತುಣುಕು ತುಣುಕಾಗಿ ಕಂಡಿತು. ಇಳಿದು ಹೋಗಿ ಅವರ ಕಾಲು ಮುಟ್ಟಲು ನನಗೆ ದಾರಿಯಿರಲಿಲ್ಲ.

ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಅಪ್ಪ ಮುಂದೆ ಬಂದು ಕೈ ಎತ್ತಿದ. ಮೆಲ್ಲಗೆ ಕಾಲು ಒತ್ತಿದೆ. ಗಾಡಿ ಉಸಿರು ಹಿಡಿಯಲಿಲ್ಲ, ಜಿಗಿಯಲಿಲ್ಲ. ಹಿಂದೆ ಕೂತಿದ್ದ ಮಾಮಾ ಒಂದಿಷ್ಟೂ ಅಲ್ಲಾಡಲಿಲ್ಲ. ಮುಂಜಾನೆಯಿಂದ ಬಾರದಿದ್ದ ಅಳು ನನಗೆ ಆಗ ಬಂತು. ಕಣ್ಣೊರೆಸಲು ಕೈ ಬಿಡುವಂತಿರಲಿಲ್ಲ, ಅಳುತ್ತಲೇ ಅವರನ್ನು ಆ ಓಣಿಯಿಂದ ಹೊರಗೆ ತಂದೆ.