ಮೇಲೆ ಬಂದ ಗಂಗವ್ವ

ಇವತ್ತು ನಲ್ಲಿಯ ನೀರಿಗೆ ಔಷಧದ ವಾಸನೆ ಜೋರಾಗಿತ್ತು. ಟಾಕಿಗೆ ಬ್ಲೀಚಿಂಗ್ ಪೌಡರು ಒಂದು ಹಿಡಿ ಹೆಚ್ಚೇ ಬಿದ್ದಿರಬೇಕು. ಮೊಮ್ಮಗನ ಹೆಂಡತಿ ಮೂಗು ಮುಚ್ಚಿಕೊಂಡಳು. ಬಾಣಂತಿ ಅವಳು, ಇವತ್ತು ಅವಳ ಗಂಗೆಪೂಜೆ ಬೇರೆ. "ಅಜ್ಜಿ, ಇಂಥಾ ನೀರಿಗೆ ಪೂಜಾ ಹೆಂಗ ಮಾಡೂದ್ರಿ?" ಎಂದಳು. ನಾನು ಒಂದು ತಂಬಿಗೆ ಹಿಡಿದು ಗಟಗಟ ಕುಡಿದೆ. ನನಗೆ ಈ ವಾಸನೆ ಬಂದರೆ ಸಾಕು, ಹಾನಗಲ್ಲಿನ ನಮ್ಮ ಓಣಿಯ ಸೂಲಗಿತ್ತಿ ಆಯಿ ಎದುರಿಗೆ ಬಂದು ನಿಂತಂತಾಗುತ್ತದೆ...

ನನ್ನನ್ನು ಹೆರಿಸಿದವಳು ಆಯಿ. ನನ್ನ ಚೊಚ್ಚಲ ಮಗನನ್ನು ಹೆರಿಸಿದವಳೂ ಆಕೆಯೇ. ಸ್ವಾತಂತ್ರ್ಯ ಬರಲು ಇನ್ನೂ ಕೆಲವು ವರ್ಷ ಇದ್ದ ಕಾಲ. ನನ್ನನ್ನು ಸವಣೂರಿಗೆ ಕೊಟ್ಟಿದ್ದರು, ಹೆರಿಗೆಗೆ ತವರಿಗೆ ಬಂದಿದ್ದೆ. ಆಗ ಗಂಗೆಪೂಜೆಯೆಂದರೆ ಬಾಣಂತಿ ಓಣಿಯ ಮೆಟ್ಟಿಲ ಬಾವಿಗೆ ಇಳಿದು, ನೀರಂಚಿನ ಮೆಟ್ಟಿಲಲ್ಲಿ ಐದು ಹರಳುಗಲ್ಲು ಇಟ್ಟು ಪೂಜಿಸಿ, ಮೊದಲ ಕೊಡ ಹೊತ್ತು ಮನೆಗೆ ಬರಬೇಕು. ಅಲ್ಲಿಯವರೆಗೆ ಆಕೆ ಅಡಿಗೆಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಕೈ ಹಿಡಿದು ಇಳಿಸುವುದು ಆಯಿಯ ಹಕ್ಕು. ಅದರ ಬಗ್ಗೆ ಆಕೆಗಿದ್ದ ಜಂಬ ಅಷ್ಟಿಷ್ಟಲ್ಲ!

ಆ ಮೆಟ್ಟಿಲ ಬಾವಿಯೇ ಓಣಿಗೆಲ್ಲ ಕುಡಿಯುವ ನೀರು. ಕಾಲು ತೊಳೆಯುವುದೂ ಅಲ್ಲೇ, ಕೊಡ ತುಂಬುವುದೂ ಅಲ್ಲೇ. ಮನೆಮನೆಯಲ್ಲಿ ನಾರುಹುಣ್ಣು. ಕಾಲಲ್ಲಿ ಬೊಬ್ಬೆ ಎದ್ದು ಒಡೆದು, ದಾರದಂಥ ಹುಳು ಹೊರಗೆ ಇಣುಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟು ಎಳೆಯಬೇಕು, ತುಂಡಾದರೆ ಕಾಲೇ ಬಾತು ಹೋಗುತ್ತಿತ್ತು. ಹುಣ್ಣಿನ ಕಾಲು ನೀರಿಗೆ ಇಳಿದರೆ ಹುಳುವಿನ ಮರಿ ನೀರಿಗೆ ಸೇರುತ್ತದೆ, ಆ ನೀರು ಕುಡಿದವರಿಗೆ ವರ್ಷ ತಿರುಗುವುದರೊಳಗೆ ನಾರು ಏಳುತ್ತದೆ ಎಂದು ದವಾಖಾನೆಯ ಡಾಕ್ಟರು ಹೇಳಿದ್ದರು. ನಾವು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆವು. ಆಯಿಗೆ ಮಾತ್ರ ಆ ಮಾತು ಎದೆಗೆ ನಾಟಿತ್ತು. ಆಕೆಗೆ ಎಷ್ಟೋ ಸಲ ನಾರು ಎದ್ದು ಒಂದು ಕಾಲು ಕುಂಟಾಗಿತ್ತು.

ಮುನ್ಸಿಪಾಲ್ಟಿಯವರು ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ನೀರು ಸೇದುವ ಗಾಲಿ ಕೂರಿಸಲು ಗೌಂಡಿಯನ್ನು ಕಳಿಸಿದರು. ಕಟ್ಟೆ ಏರಿತು, ಗಾಲಿಯೂ ಬಂತು. ಮೆಟ್ಟಿಲ ಬಾಯಿ ಮುಚ್ಚುವುದೊಂದು ಉಳಿದಿದ್ದ ದಿನವೇ ನನ್ನ ಗಂಗೆಪೂಜೆ. ನನ್ನನ್ನು ಕರೆದೊಯ್ಯಲು ಅತ್ತೆಯ ಮನೆಯ ಚಕ್ಕಡಿ ಬಂದು ನಿಂತಿತ್ತು.

"ನಮ್ಮ ಹುಡುಗಿ ಒಮ್ಮೆ ಇಳದು ಬರ್ಲಿ, ಆಮ್ಯಾಲ ಮುಚ್ರಿ" ಎಂದು ಅವ್ವ ಗೌಂಡಿಗೆ ಗಂಟುಬಿದ್ದಳು. ನಾನು ಕೊಡ ಹಿಡಿದು ಹೆಜ್ಜೆ ಇಟ್ಟೆ. ಆಯಿ ಬಂದವಳೇ ಮೊದಲ ಮೆಟ್ಟಿಲಿಗೆ ಅಡ್ಡ ಕುಳಿತುಬಿಟ್ಟಳು.

ಅವ್ವನಿಗೆ ಪಿತ್ತ ನೆತ್ತಿಗೇರಿತು. "ಊರಾಗಿನ ಬಾಣಂತ್ಯಾರನ್ನೆಲ್ಲಾ ಇಳಿಸಿ, ನನ್ನ ಮಗಳಿಗೆ ಅಡ್ಡ ಕುಂತೀಯಲ್ಲ ಆಯಿ! ಆಕಿ ಏನು ಪಾಪ ಮಾಡ್ಯಾಳ?"

ಆಯಿ ಸೀರೆ ಸರಿಸಿ ಕಾಲು ಚಾಚಿದಳು. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕಲೆಯೇ ಕಲೆ.

"ಇಳಿಸೇನಿ ತಂಗಿ, ಎಲ್ಲಾರನ್ನೂ ಇದ ಕಾಲಿಲೆ ಇಳಿಸೇನಿ. ಇದರಾಗಿನ ಹುಳ ಯಾರ್ಯಾರ ಹೊಟ್ಟಿ ಸೇರೇತೋ... ಇನ್ನ ಒಬ್ಬಾಕಿನ್ನೂ ಇಳಸಂಗಿಲ್ಲ. ಈ ಹುಡುಗೀನ ಹೆರಿಸಿದ್ದು ಇದಕ್ಕೇನು?"

ಆಯಿ ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ.

ಕಣ್ಣೊರೆಸಿಕೊಂಡು ಆಕೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಐದು ಹರಳು. ಕೆಳಗಿನ ಮೆಟ್ಟಿಲಿನಿಂದ ಗೌಂಡಿಯ ಕೈಯಲ್ಲೇ ತರಿಸಿಟ್ಟುಕೊಂಡಿದ್ದಳಂತೆ! ಹೊಸ ಕಟ್ಟೆಯ ಮೇಲೆ ಹಸಿ ಗಾರೆಯಲ್ಲಿ ಅವನ್ನು ಒಂದೊಂದಾಗಿ ಒತ್ತಿ, ವಿಭೂತಿ ಹಚ್ಚಿ, ಅರಿಶಿನ ಕುಂಕುಮ ಏರಿಸಿದಳು. ಗಾಲಿಗೂ ಕುಂಕುಮ ಬಿತ್ತು. ಆಮೇಲೆ ಹಗ್ಗ ನನ್ನ ಕೈಗೆ ಕೊಟ್ಟಳು. ಗಾಲಿ ಕಿರುಗುಟ್ಟಿತು, ಕೊಡ ತುಳುಕುತ್ತ ಮೇಲೆ ಬಂತು. ಬೆಳಿಗ್ಗೆಯಷ್ಟೇ ಬಾವಿಗೆ ಹಾಕಿದ್ದ ಔಷಧದ ಪುಡಿಯ ಘಾಟು ಮೂಗಿಗೆ ಹೊಡೆಯಿತು.

"ಗಂಗವ್ವ ತಾನ ಮ್ಯಾಲ ಬಂದಾಳ. ನೀ ಯಾಕ ಕೆಳಗ ಇಳೀತಿ?" ಎಂದು ಆಯಿ ಕೊಡವನ್ನು ನನ್ನ ತಲೆಗೆ ಏರಿಸಿದಳು. ಮನೆ ಬಾಗಿಲಲ್ಲಿ ಅವ್ವ ಮುಖ ಊದಿಸಿಕೊಂಡೇ ನನ್ನ ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಂಡಳು. ಅತ್ತ ಗೌಂಡಿ ಮೆಟ್ಟಿಲ ಬಾಯಿ ಮುಚ್ಚಿದ.

ಆಮೇಲೆ ಓಣಿಯ ಬಾಣಂತಿಯರೆಲ್ಲ ಆ ಐದು ಹರಳಿಗೇ ಪೂಜೆ ಮಾಡಿದರು. ಬರಬರುತ್ತಾ ಓಣಿಯಲ್ಲಿ ಕಡ್ಡಿ ಸುತ್ತುವವರು ಕಡಿಮೆಯಾದರು. ಆಯಿ ಹೋದದ್ದು ನನಗೆ ಸವಣೂರಿನಲ್ಲಿ ತಡವಾಗಿ ತಿಳಿಯಿತು. ಮಣ್ಣಿಗೂ ಹೋಗಲಾಗಲಿಲ್ಲ... ಆ ನೋವು ಈಗಲೂ ಇದೆ. ಬಾವಿಯನ್ನೂ ಈಚೆಗೆ ಹೂಳಿದರಂತೆ, ಹರಳು ಏನಾದವೋ.

ಇದನ್ನೆಲ್ಲ ಹೇಳುತ್ತ ಇವತ್ತು ನಲ್ಲಿಯ ಕಟ್ಟೆಯ ಮೇಲೆ ಅಂಗಳದ ಐದು ಹರಳು ಇಡಿಸಿದೆ. ಮೊಮ್ಮಗನ ಹೆಂಡತಿ ಕುಂಕುಮ ಏರಿಸಿ ನಲ್ಲಿ ತಿರುಗಿಸಿದಳು. ಕೊಡ ತುಂಬುವಾಗ ತಲೆ ಎತ್ತಿ ಕೇಳಿದಳು:

"ಎಲ್ಲಾ ತಿಳೀತರಿ ಅಜ್ಜಿ. ಆದ್ರ ಈ ನಾರುಹುಣ್ಣು ಹೆಂಗಿರತಿತ್ರಿ? ನಾ ಒಮ್ಮೆನೂ ಕಂಡಿಲ್ಲ."

ಅಯ್ಯೋ ಶಿವನೇ, ಈ ಮಾತು ಕೇಳಲು ಆಯಿ ಇರಬೇಕಿತ್ತು.