ಬಾಗಿಲು ತಳ್ಳಿ ನೋಡುವ ಪಾರ್ಸೆಲ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಹಿಂಬದಿಯ ಶೌಚಾಲಯದ ಮುಂದೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಒಬ್ಬ ಹೆಂಗಸು ಒಳಗೆ ನುಗ್ಗುತ್ತಾರೆ. ಅವಸರಕ್ಕೆ ಬಂದವರಲ್ಲ. ಮೊದಲನೇ ಬಾಗಿಲನ್ನು ಅಂಗೈಯಿಂದ ತಳ್ಳುತ್ತಾರೆ, ತೆರೆಯುತ್ತದೆ. ಚಿಲಕ ಹಾಕಿ ತೆಗೆಯುತ್ತಾರೆ, ಇನ್ನೊಮ್ಮೆ ಹಾಕುತ್ತಾರೆ. ನಲ್ಲಿ ತಿರುಗಿಸುತ್ತಾರೆ. ಗೋಡೆಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗಿ, ಅಲ್ಲಾಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೊರಗೆ ಬಂದು ಫೋನಿನ ನಕ್ಷೆಯ ಮೇಲೆ ಬೆರಳಾಡಿಸುತ್ತಾರೆ.

"ಬಂದ್ರಪ್ಪಾ ನಮ್ಮ ಇನ್‌ಸ್ಪೆಕ್ಟರಮ್ಮ!" ಎಂದು ಕಾವಲುಗಾರ ಕುರ್ಚಿಯಿಂದಲೇ ಕೂಗುತ್ತಾನೆ. "ಮೊನ್ನೆ ತಾನೆ ನೋಡ್ಕೊಂಡು ಹೋದ್ರಲ್ಲಕ್ಕಾ. ಅಷ್ಟರೊಳಗೆ ಬಾಗಿಲು ಎದ್ದು ಓಡಿಹೋಗತ್ತಾ?"

"ಹೋದ್ರೂ ಹೋಯ್ತು, ಯಾರು ಕಂಡ್ರು! ಇವತ್ತು ನಮ್ಮ ಮಾವ ಬರ್ತಾರೆ. ಬಿಳಿ ಶರ್ಟು, ನಡಿಗೇಲಿ ಸ್ವಲ್ಪ ಗತ್ತು. ನೋಡಿದ ಕೂಡ್ಲೇ ಗೊತ್ತಾಗತ್ತೆ."

"ಮಾತಾಡಿಸ್ಲಾ?"

"ಅಯ್ಯೋ, ಬೇಡಪ್ಪಾ! ನಾನು ಹೇಳಿಟ್ಟಿದ್ದೀನಿ ಅಂತ ಗೊತ್ತಾದ್ರೆ ನನ್ನ ಕಥೆ ಮುಗೀತು."

ಈ ಭಾಗದ ಬೀದಿಗಳಲ್ಲಿ ಎಲ್ಲರೂ ಇವರನ್ನು ಕರೆಯುವುದು ಪಾರ್ಸೆಲ್ ಅಕ್ಕ ಎಂದೇ. ಮನೆಮನೆಗೆ ಪೊಟ್ಟಣ ತಲುಪಿಸುವ ಕೆಲಸ. ದಿನಕ್ಕೆ ಎಪ್ಪತ್ತರ ಆಸುಪಾಸು ಬಾಗಿಲು ತಟ್ಟುತ್ತಾರೆ. ಆದರೆ ಸುದ್ದಿಯಾಗಬೇಕಾದದ್ದು ಆ ಬಾಗಿಲುಗಳಲ್ಲ, ಬೇರೆಯವು. ಕೆಲಸ ಶುರುವಾಗುವ ಮುಂಚೆ, ಯಾರೂ ಕೇಳದೆ, ಯಾರೂ ಕಾಸು ಕೊಡದೆ, ಈಕೆ ಊರಿನ ಶೌಚಾಲಯಗಳನ್ನು ಒಂದೊಂದಾಗಿ ತಳ್ಳಿ ನೋಡಿ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಆ ಗುರುತುಗಳ ಪಟ್ಟಿಗೆ ಅವರಿಟ್ಟ ಹೆಸರು 'ಅವಸರ'. ಅದರ ಕೊಂಡಿ, ಅಂದರೆ ಲಿಂಕ್, ಸಿಕ್ಕವರು ಯಾರಾದರೂ ಅದನ್ನು ತಮ್ಮ ಫೋನಿನಲ್ಲಿ ತೆರೆದು 'ಹತ್ತಿರದ್ದು' ಎಂದು ಒತ್ತಿದರೆ ಸಾಕು, ದಾರಿ ತೋರಿಸುತ್ತದೆ. ಹೊಸ ಗುರುತನ್ನೂ ಸೇರಿಸಬಹುದು.

ನಗುವವರು ನಗಲಿ. ಇಡೀ ದಿನ ರಸ್ತೆಯಲ್ಲಿ ದುಡಿಯುವ ಹೆಂಗಸರನ್ನು ಒಮ್ಮೆ ಕೇಳಿ ನೋಡಿ.

"ಮೊದಲೆಲ್ಲ ನೀರು ಕುಡಿಯೋದನ್ನೇ ಬಿಟ್ಟಿದ್ದೆ," ಎನ್ನುತ್ತಾರೆ ಅಕ್ಕ. "ಸಂಜೆ ಮನೆಗೆ ಬರೋವರೆಗೂ ಒಂದು ಗುಟುಕು ಕೂಡ ಇಲ್ಲ. ತಲೆ ಸುತ್ತಿ ಒಂದ್ಸಲ ಮೆಟ್ಟಿಲ ಮೇಲೆ ಕೂತ್ಬಿಟ್ಟೆ. ಆದ್ರೂ ನನ್ನ ಪಾಡಿಗೆ ನಾನು ಸುಮ್ನಿರ್ತಿದ್ದೆ. ನಮ್ಮ ಮಾವನ ವಿಷಯ ಆದ್ಮೇಲೆ ಸುಮ್ನಿರೋಕೆ ಆಗ್ಲಿಲ್ಲ."

ಮಾವ ಎಂದರೆ ಗಂಡನ ಅಪ್ಪ, ನಿವೃತ್ತ ಬಸ್ ಚಾಲಕ. ಒಂದು ಕಾಲದಲ್ಲಿ ಇಡೀ ಊರನ್ನು ಎಡಗೈಯಲ್ಲಿ ತಿರುಗಿಸಿದವರು. ವಯಸ್ಸಾದ ಮೇಲೆ ಒಂದು ತೊಂದರೆ ಅಂಟಿಕೊಂಡಿತು: ಬಂತು ಎಂದರೆ ಬಂತು, ತಡೆಯಲಾಗದು. ಎರಡು ವರ್ಷದ ಕೆಳಗೆ ಕನ್ನಡಕ ಮಾಡಿಸಲು ಹೋದವರಿಗೆ ನಡುರಸ್ತೆಯಲ್ಲಿ ಅವಸರವಾಯಿತು. ಫೋನು ತೆಗೆದು ಹುಡುಕಿದರು, ನಕ್ಷೆ ಹತ್ತಿರದಲ್ಲೇ ಒಂದನ್ನು ತೋರಿಸಿತು. ಬಿದ್ದಂಬೀಳ ಹೋಗಿ ನೋಡಿದರೆ ಅದು ಗೋದಾಮಾಗಿ ಯಾವ ಕಾಲವಾಗಿತ್ತೋ, ಬಾಗಿಲಿಗೆ ಅಂಗೈಯಗಲದ ಬೀಗ. ಆ ಬೀಗದ ಮುಂದೆಯೇ, ಜನ ನೋಡುತ್ತಿದ್ದಂತೆಯೇ, ಪ್ಯಾಂಟು ಒದ್ದೆಯಾಯಿತು.

"ಬರೀರಿ, ಬರೀರಿ," ಎಂದು ಮಾವನೇ ಹೇಳುತ್ತಾರೆ. "ಈಗೇನು ನಾಚಿಕೆ? ಅವತ್ತು ಮಾತ್ರ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸಿತ್ತು."

ಅಂದಿನಿಂದ ಅವರು ಹೊಸ್ತಿಲು ದಾಟಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿರುವ ಅವರ ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಆಗಲೂ ಹೋಗಲಿಲ್ಲ. ಆಟೋ ಎಂದರೆ, "ಸಿಗ್ನಲ್ಲಿನಲ್ಲಿ ನಿಂತಾಗ ಬಂದ್ರೆ ಇಳಿದು ಎಲ್ಲಿ ಓಡ್ಲಿ?" ಸೊಸೆಯ ಸ್ಕೂಟರ್ ಎಂದರೆ ಮುಖ ಆ ಕಡೆ. ದಿನವೂ ಫೋನಿನಲ್ಲಿ ಅಕ್ಕ ತಮ್ಮ ಮಾತಾಡುತ್ತಾರೆ. ಕೊನೆಗೆ ಅಕ್ಕ ಕೇಳುವುದು ಒಂದೇ: "ಯಾವಾಗ ಬರ್ತೀಯೋ?" ಅತ್ತ ಅಕ್ಕ ದಿನೇದಿನೇ ಸೊರಗುತ್ತಿದ್ದಾರೆ. ಇತ್ತ ತಮ್ಮ ಫೋನಿಟ್ಟು ಗೋಡೆ ನೋಡುತ್ತಾ ಕೂರುತ್ತಾರೆ.

ಇದನ್ನು ನೋಡಲಾರದೆ ಸೊಸೆ ಪಟ್ಟು ಹಿಡಿದರು. ಮನೆಯಿಂದ ದೊಡ್ಡತ್ತೆಯ, ಅಂದರೆ ಮಾವನ ಆ ಅಕ್ಕನ, ಮನೆವರೆಗಿನ ದಾರಿಯುದ್ದಕ್ಕೂ ಬಾಗಿಲು ಹುಡುಕಿದರು. ಒಂದೇ ನಿಯಮ: ಸ್ವಂತ ಕೈಯಿಂದ ತಳ್ಳಿ ನೋಡದೆ ಗುರುತಿಲ್ಲ. ಬೋರ್ಡು ನೋಡಿ ಹಾಕುವಂತಿಲ್ಲ, ಯಾರೋ ಹೇಳಿದರೆಂದು ಹಾಕುವಂತಿಲ್ಲ. ಮೆಟ್ಟಿಲು ಎಷ್ಟು, ಹಿಡಿಕೆ ಇದೆಯೇ, ಚಿಲಕ ಬೀಳುತ್ತದೆಯೇ, ಎಲ್ಲವನ್ನೂ ಗುರುತಿನ ಕೆಳಗೆ ಬರೆದಿಟ್ಟರು. ಜೊತೆಗೆ ಕೆಲಸ ಮಾಡುವ ನಾಲ್ಕೈದು ಹೆಂಗಸರಿಗೂ ಕೊಂಡಿ ಕಳಿಸಿದರು. ಅವರು ಇನ್ಯಾರಿಗೆ ಕಳಿಸಿದರೋ, ಪಾರ್ಸೆಲ್ ಅಕ್ಕ ತಲೆಕೆಡಿಸಿಕೊಳ್ಳಲಿಲ್ಲ. ಸಂಜೆ ಮಾವನ ಪಕ್ಕ ಕೂತು 'ಹತ್ತಿರದ್ದು' ಒತ್ತುವುದನ್ನು ಕಲಿಸಿದರು. ಮಾವ ಮೊದಲು ಬೈದರು, ಆಮೇಲೆ ಕೇಳಿಸಿಕೊಂಡರು. ಹೋದ ವಾರ ಇದ್ದಕ್ಕಿದ್ದಂತೆ, "ಶುಕ್ರವಾರ ಹೋಗ್ತೀನಿ. ಬಸ್ಸಲ್ಲಿ. ಒಬ್ಬನೇ," ಎಂದುಬಿಟ್ಟರು. ಸೊಸೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಆ ಶುಕ್ರವಾರವೇ ಇವತ್ತು. ಫೋನು ಮಾಡುವುದಿಲ್ಲ ಎಂದು ಮಾತು ಕೊಟ್ಟ ತಪ್ಪಿಗೆ ಅಕ್ಕ ಬೆಳಗಿನಿಂದ ಒದ್ದಾಡುತ್ತಿದ್ದಾರೆ. ಪೊಟ್ಟಣ ಒಂದು ಮನೆಯದು ಇನ್ನೊಂದು ಮನೆಗೆ ಕೊಟ್ಟು ಬೈಸಿಕೊಂಡದ್ದೂ ಆಯಿತು. "ನನ್ನ ಮಗಳನ್ನ ಮೊದಲ ದಿನ ಶಾಲೆಗೆ ಬಿಟ್ಟಾಗ್ಲೂ ಹೀಗಾಗಿರ್ಲಿಲ್ಲ ನೋಡಿ!" ಎಂದು ತಮ್ಮನ್ನು ನೋಡಿ ತಾವೇ ನಗುತ್ತಾರೆ.

ಮಧ್ಯಾಹ್ನ ಒಂದೂವರೆಗೆ, ಮೂರನೇ ಮಹಡಿಯಲ್ಲಿ ನಿಂತಿದ್ದಾಗ, ಫೋನು ಹೊಡೆದುಕೊಳ್ಳುತ್ತದೆ. ಮಾವ.

"ಅಮ್ಮಾ, ಮಾರುಕಟ್ಟೆ ಕಟ್ಟಡದ ಹಿಂದೆ ಇದ್ದೀನಿ. ನೀನು ಗುರುತು ಹಾಕಿದ ಬಾಗಿಲು ತೆಗೀತಿಲ್ಲ. ಬೀಗ."

ಅಕ್ಕ ಕೈಯಲ್ಲಿದ್ದ ಪೊಟ್ಟಣವನ್ನು ಕೆಳಗಿಡುತ್ತಾರೆ. ಆ ಬಾಗಿಲನ್ನು ಅವರು ತಳ್ಳಿದ್ದು ಒಂದು ಸಲವಲ್ಲ, ಆರು ಸಲ. ಆರೂ ಸಲ ಬೆಳಗಿನ ಜಾವ! ನಡುಮಧ್ಯಾಹ್ನ ಅಲ್ಲಿನ ಕಾವಲುಗಾರ ಬೀಗ ಹಾಕಿಕೊಂಡು ಊಟಕ್ಕೆ ಹೋಗಬಹುದು ಎಂಬುದು ಹೊಳೆದೇ ಇರಲಿಲ್ಲ. "ಮಾವ, ಅಲ್ಲೇ ಇರಿ, ನಾನು..." ಎನ್ನುವಷ್ಟರಲ್ಲಿ ಕರೆ ಕಟ್ಟಾಗುತ್ತದೆ. ಮತ್ತೆ ಮಾಡಿದರೆ ಎತ್ತುವುದಿಲ್ಲ. ಮೆಟ್ಟಿಲು ಇಳಿದರೋ ಹಾರಿದರೋ ಗೊತ್ತಿಲ್ಲ. ಸ್ಕೂಟರ್ ಹತ್ತಿ ಹೊರಟರೂ ಮಾರುಕಟ್ಟೆ ಅರ್ಧ ಗಂಟೆಯ ದಾರಿ.

"ಆ ಮನುಷ್ಯ ಇನ್ನೊಂದ್ಸಲ ಹಾಗೆ ಮನೆಗೆ ಬಂದ್ರೆ ಮತ್ತೆ ಹೊರಗೆ ಕಾಲಿಡಲ್ಲ. ದೊಡ್ಡತ್ತೆ ತಮ್ಮನ ಮುಖ ನೋಡದೇನೇ ಹೋಗ್ಬಿಡ್ತಾರೆ. ಅದಕ್ಕೆ ನಾನೇ ಕಾರಣ," ಎಂದು ದಾರಿಯುದ್ದಕ್ಕೂ ತಮ್ಮನ್ನು ತಾವೇ ಶಪಿಸಿಕೊಳ್ಳುತ್ತಾರೆ. ಕಣ್ಣೀರಿಗೆ ಹೆಲ್ಮೆಟ್ಟಿನ ಗಾಜು ಮಂಜಾಗುತ್ತದೆ.

ಮಾರುಕಟ್ಟೆ ಹಿಂದೆ ಯಾರೂ ಇಲ್ಲ. ಬೀಗ ಮಾತ್ರ ಇದೆ. ಅಕ್ಕ ಅಲ್ಲೇ ಕೂರುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಯಾಗುತ್ತದೆ.

"ಲೇ, ನಿನ್ನ ಮಾವ ಬಂದಿದ್ದಾನೆ ಕಣೇ!" ದೊಡ್ಡತ್ತೆಯ ಧ್ವನಿ. ಸೊರಗಿದ ಧ್ವನಿಯೇ ಅಲ್ಲ, ಬೀದಿಗೆಲ್ಲ ಕೇಳುವಂತಿದೆ. "ತಲೆ ಪೂರ್ತಿ ಬೆಳ್ಳಗಾಗಿದೆ, ಕೊಬ್ಬು ಮಾತ್ರ ಒಂಚೂರೂ ಕಮ್ಮಿಯಾಗಿಲ್ಲ!"

ನಡೆದದ್ದನ್ನು ಮಾವನ ಬಾಯಲ್ಲೇ ಕೇಳಬೇಕು. "ಬೀಗ ನೋಡಿದೆ, ಸೊಸೆಗೆ ಫೋನು ಮಾಡಿದೆ. ಫೋನಲ್ಲಿ ಮಾತಾಡ್ತಾ ನಿಂತ್ರೆ ಆಗತ್ತಾ? ಕಟ್ ಮಾಡಿ 'ಹತ್ತಿರದ್ದು' ಒತ್ತಿದೆ. ಎದುರು ಗಲ್ಲೀಲಿ ಇನ್ನೊಂದು ಗುರುತು ತೋರಿಸ್ತು. ಹೊಲಿಗೆ ಅಂಗಡಿ. ಕೆಳಗೆ ಏನು ಬರೆದಿತ್ತು ಗೊತ್ತಾ? 'ಮಾರುಕಟ್ಟೇಲಿ ಮಧ್ಯಾಹ್ನ ಬೀಗ ಹಾಕ್ತಾರೆ. ನಮ್ಮಂಗಡಿ ಹಿಂದೆ ಇದೆ, ಬನ್ನಿ, ಸಂಕೋಚ ಬೇಡ.' ಹೋದೆ. ಆ ಹೆಣ್ಣುಮಗಳು ಮಿಷನ್ ತುಳಿಯೋದನ್ನೂ ನಿಲ್ಲಿಸಲಿಲ್ಲ. ಕತ್ತು ಆಡಿಸಿ ಒಳಗೆ ದಾರಿ ತೋರಿಸಿದ್ಲು, ಅಷ್ಟೆ."

ಆ ಗುರುತು ಅಕ್ಕ ಹಾಕಿದ್ದಲ್ಲ. ಯಾರ ಕೈಯಿಂದ ಯಾರ ಕೈಗೆ ದಾಟಿಯೋ ಕೊಂಡಿ ಆ ದರ್ಜಿಯ ಫೋನಿಗೂ ಹೋಗಿತ್ತು, ಆಕೆ ತನ್ನದೇ ಅಂಗಡಿಯ ಹಿಂದಿನ ಬಾಗಿಲನ್ನು ಸೇರಿಸಿದ್ದರು. ಈವರೆಗೆ ತಾವು ಹಾಕಿದ ಗುರುತುಗಳನ್ನಷ್ಟೇ ನೋಡುತ್ತಿದ್ದ ಅಕ್ಕ ಬೀಗದ ಮುಂದೆಯೇ ಕೂತು ಇಡೀ ಪಟ್ಟಿ ತೆರೆದು ಬೆರಳು ಸರಿಸುತ್ತಾ ಹೋಗುತ್ತಾರೆ. ತಾವು ಕಾಲೇ ಇಡದ ಬೀದಿಗಳಲ್ಲೂ ಗುರುತುಗಳಿವೆ. ಒಂದು ಔಷಧಿ ಅಂಗಡಿ, ಒಂದು ಗ್ಯಾರೇಜು, ಯಾರದೋ ಮನೆಯ ಹಿತ್ತಿಲು. "ಅಯ್ಯಯ್ಯೋ, ಇಷ್ಟೊಂದು ಜನ!" ಎಂದು ಒಬ್ಬರೇ ಜೋರಾಗಿ ನಗುತ್ತಾರೆ.

ಊಟ ಮುಗಿಸಿ ಬಂದ ಕಾವಲುಗಾರ ಬೀಗ ತೆಗೆಯುವುದನ್ನು ಕಾದು, ಬೀಗ ಹಾಕುವ ಹೊತ್ತು ಕೇಳಿಕೊಂಡು, ಅಕ್ಕ ಅದನ್ನು ಗುರುತಿನ ಕೆಳಗೆ ಬರೆಯುತ್ತಾರೆ. "ನಾಳೆಯಿಂದ ಎಲ್ಲಾ ಬಾಗಿಲೂ ಮಧ್ಯಾಹ್ನ ಇನ್ನೊಂದ್ಸಲ ತಳ್ಳಬೇಕು. ಬೇರೆ ಆಸೆ ಏನಿದೆ ನನಗೆ? ರಸ್ತೇಲಿ ದುಡಿಯೋರು ಹೆದರದೆ ನೀರು ಕುಡಿಯೋಹಾಗಾದ್ರೆ ಸಾಕು."

ಮರುದಿನ ಬೆಳಕು ಹರಿಯುವ ಮುಂಚೆಯೇ ಬಸ್ ನಿಲ್ದಾಣದ ಹಿಂದೆ ಸ್ಕೂಟರ್ ನಿಲ್ಲುತ್ತದೆ. ಇವತ್ತು ಅಕ್ಕ ಬಾಗಿಲು ತಳ್ಳುವುದಿಲ್ಲ. ನೇರವಾಗಿ ಕಾವಲುಗಾರನ ಮುಂದೆ ಹೋಗಿ ಫೋನು ಹಿಡಿಯುತ್ತಾರೆ. ಊರಿನ ಆ ತುದಿಯಲ್ಲಿ ನಿನ್ನೆ ಸಂಜೆ ಮೂಡಿದ ಹೊಸ ಗುರುತು. ಅದರ ಕೆಳಗೆ, ಕಾಗುಣಿತದ ತಪ್ಪುಗಳ ನಡುವೆ, ಹೀಗಿದೆ: 'ನಮ್ಮ ಅಕ್ಕನ ಮನೆ. ಒಂದೇ ಮೆಟ್ಟಿಲು. ಹಿಡಿಕೆ ಇದೆ, ಜಗ್ಗಿ ನೋಡಿದೆ. ಬಾಗಿಲು ತಳ್ಳಿ ನೋಡಿದೆ. ಯಾವ ಹೊತ್ತಿಗೂ ಬರಬಹುದು.'

"ನೀವು ಹಾಕಿದ್ದಾ ಅಕ್ಕಾ?"

"ನಾನಲ್ಲಪ್ಪಾ," ಎನ್ನುತ್ತಾರೆ ಪಾರ್ಸೆಲ್ ಅಕ್ಕ, ಹೆಲ್ಮೆಟ್ ತೆಗೆದು ಮುಖವೆಲ್ಲ ನಗುತ್ತಾ. "ನಮ್ಮ ಮಾವ ಹಾಕಿದ್ದು."