ಕಬ್ಬು ಸಿಗಿದ ಸಾಕ್ಷಿಗಳು

ಸಾವಿನ ಮಾತು ಬಂದರೆ ನಾನು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದವನು. ಹೆಂಡತಿ "ನಿಮ್ಮ ವಿಮೆ ಕಾಗದ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರೆ ಸಾಕು, ತಿದ್ದದೇ ಉಳಿದ ಉತ್ತರಪತ್ರಿಕೆಗಳೆಲ್ಲ ನೆನಪಾಗುತ್ತಿದ್ದವು. ಆದರೆ ಇನ್ನೊಬ್ಬರ ಉಯಿಲು ಬರೆದುಕೊಡುವುದೆಂದರೆ ಎಲ್ಲಿಲ್ಲದ ಉತ್ಸಾಹ. ನನ್ನ ಅಕ್ಷರ ದುಂಡಗಿದೆ ಎಂದು ತಾಲ್ಲೂಕಿನಲ್ಲಿ ನಾಲ್ಕು ಜನ ಹೇಳಿದ್ದಾರೆ, ಕೆಟ್ಟದ್ದು ಅದೇ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಂತೆಬಾಚಹಳ್ಳಿಯ ಹತ್ತಿರ ನಮ್ಮ ದೊಡ್ಡಮ್ಮ ಇದ್ದಳು, ಅಮ್ಮನ ಅಕ್ಕ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಸು ಸಾಕಿ, ಡೇರಿಗೆ ಹಾಲು ಹಾಕಿ, ಆ ದುಡ್ಡಿನಲ್ಲೇ ನಿವೇಶನ ಕೊಂಡು ಹೆಂಚಿನ ಮನೆ ಕಟ್ಟಿದ್ದಳು. ಗಂಡ ಬಿಟ್ಟುಹೋದ ನನ್ನ ತಂಗಿ ಜಯ ಹತ್ತು ವರ್ಷದಿಂದ ಅವಳ ಜೊತೆಗಿದ್ದಳು. ಮನೆ ಜಯಳಿಗೇ ಸೇರಬೇಕೆಂಬುದು ದೊಡ್ಡಮ್ಮನ ಆಸೆ. ಅದಕ್ಕೇನು, ತಾನಾಗಿ ಆಗುತ್ತದೆ ಎಂದುಕೊಂಡಿದ್ದೆ. ಕೆ.ಆರ್. ಪೇಟೆಯ ವಕೀಲರು ನನ್ನ ಭ್ರಮೆ ಬಿಡಿಸಿದರು. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ಹೋದರೆ, ಅವಳೇ ದುಡಿದು ಕಟ್ಟಿದ ಮನೆಯೂ ಗಂಡನ ಕಡೆಯವರ ಪಾಲಾಗುತ್ತದಂತೆ. ಅಂದರೆ ಒಂದು ಇಟ್ಟಿಗೆಯನ್ನೂ ಹೊರದ ಅವಳ ಭಾವನ ಮಕ್ಕಳಿಗೆ. ಜಯ ಬೀದಿಗೆ. ಅಂದೇ ಉಯಿಲು ಬರೆಯಲು ಪೆನ್ನಿಗೆ ಮಸಿ ತುಂಬಿದೆ.

ಉಯಿಲು ದೊಡ್ಡ ವಿದ್ಯೆಯೇನಲ್ಲ. ಏನಿದೆ, ಯಾರಿಗೆ ಎಂದು ಸ್ಪಷ್ಟವಾಗಿ ಬರೆಯಬೇಕು. ಬರೆಸಿದವರು ರುಜು ಹಾಕುವುದನ್ನೋ ಹೆಬ್ಬೆಟ್ಟು ಒತ್ತುವುದನ್ನೋ ಇಬ್ಬರು ಕಣ್ಣಾರೆ ಕಂಡು ತಾವೂ ಸಹಿ ಹಾಕಬೇಕು. ಆ ಇಬ್ಬರನ್ನು ಆರಿಸುವುದರಲ್ಲಿ ನನ್ನ ಬುದ್ಧಿವಂತಿಕೆ ಮೆರೆಯಿತು. ನಮ್ಮ ಕಡೆ ಯಾವ ಶುಭಕಾರ್ಯಕ್ಕೂ ಊರಿನ ಹಿರಿಯರೇ ಮುಂದೆ ಕೂರಬೇಕು. ಹಾಗಾಗಿ ಇಡೀ ಊರಿಗೇ ಹಿರಿಯರಾದ ಇಬ್ಬರನ್ನು ಕೈಹಿಡಿದು ಕರೆತಂದೆ. ಒಬ್ಬರ ಸಹಿ ಮುಗಿಯುವಷ್ಟರಲ್ಲಿ ಜಯ ಎರಡು ಸಲ ಕಾಫಿ ಬಿಸಿ ಮಾಡಿದಳು. ಎಂಥ ಗಂಭೀರ ಗಳಿಗೆ ಎಂದು ನಾನು ಪುಳಕಗೊಂಡೆ.

ಎರಡು ವರ್ಷದೊಳಗೆ ಇಬ್ಬರೂ ಹೋದರು. ಎರಡನೆಯವರ ತಿಥಿ ಊಟ ಮುಗಿಸಿ ಬಂದ ದೊಡ್ಡಮ್ಮ ಜಗಲಿಯ ಮೇಲೆ ಕೂತು ನನ್ನನ್ನೇ ದಿಟ್ಟಿಸಿದಳು.

"ಇಬ್ರೂ ಓಗ್ಬುಟ್ರು. ಈಗ ನಾ ಎಬ್ಬೆಟ್ಟು ಒತ್ತಿದ್ನ ಕಂಡೋರು ಯಾರ್ಲಾ ಮಗ?"

ವಕೀಲರ ಬಳಿ ಓಡಿದೆ. ಸಾಕ್ಷಿಗಳು ಸತ್ತರೆ ಉಯಿಲು ಸಾಯುವುದಿಲ್ಲ. ಆದರೆ ಯಾರಾದರೂ ತಕರಾರು ತೆಗೆದರೆ ಅದನ್ನು ರುಜುವಾತು ಮಾಡುವಷ್ಟರಲ್ಲಿ ನಿಮ್ಮ ತಂಗಿ ಸೋತುಹೋಗುತ್ತಾಳೆ ಎಂದರು. "ಇನ್ನೊಂದು ಬರೆಸಿ, ರಿಜಿಸ್ಟರ್ ಮಾಡಿಸಿ. ಸಾಕ್ಷಿಗೆ ಈ ಸಲ ಚಿಕ್ಕ ವಯಸ್ಸಿನವರನ್ನ ಕರ್ಕೊಂಡು ಬನ್ನಿ ಮೇಷ್ಟ್ರೇ."

ಈ ಸಲ ಆಯ್ಕೆಯನ್ನು ದೊಡ್ಡಮ್ಮ ತಾನೇ ವಹಿಸಿಕೊಂಡಳು. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡಿ ರಾಸಿನ ವಯಸ್ಸು ಹೇಳುತ್ತಿದ್ದವಳು ಅವಳು. ದಲ್ಲಾಳಿಗಳೂ ಅವಳೆದುರು ಸುಳ್ಳು ಹೇಳುತ್ತಿರಲಿಲ್ಲ. ಡೇರಿಯಲ್ಲಿ ಹಾಲು ಪರೀಕ್ಷಿಸುವ ಸುಧಾಮಣಿಯನ್ನೂ ದನದ ಆಸ್ಪತ್ರೆಯ ಕಾಂಪೌಂಡರನ್ನೂ ಮನೆಗೆ ಕರೆದು ಕೈಗೊಂದೊಂದು ಕಬ್ಬಿನ ತುಂಡು ಕೊಟ್ಟಳು. ಇಬ್ಬರೂ ಮಾತಾಡುತ್ತಲೇ ಹಲ್ಲಿನಲ್ಲಿ ಸಿಪ್ಪೆ ಸಿಗಿದು ತಿಂದರು. ನಾನೂ ಒಂದು ತುಂಡು ಎತ್ತಿಕೊಂಡೆ. ಕಚ್ಚಲಾಗದೆ, ಜಯ, ಕತ್ತಿ ಕೊಡೇ ಎಂದೆ.

"ನೀನಂತೂ ಬ್ಯಾಡ ಕಣ್ಲಾ," ಎಂದಳು ದೊಡ್ಡಮ್ಮ. ಐವತ್ತನೆಯ ವಯಸ್ಸಿಗೇ ಹೀಗೆ ತಿರಸ್ಕೃತನಾದದ್ದು ಮನಸ್ಸಿಗೆ ಸ್ವಲ್ಪ ನಾಟಿತು.

ಆ ಇಬ್ಬರ ಸಾಕ್ಷಿಯಲ್ಲಿ ಹೊಸ ಉಯಿಲು ರಿಜಿಸ್ಟರ್ ಆಗಿ ಮೂರು ವರ್ಷದ ಮೇಲೆ ದೊಡ್ಡಮ್ಮ ತೀರಿಕೊಂಡಳು. ಭಾವನ ಮಕ್ಕಳು ಕೇಸು ಹಾಕಿದರು. ಮುದುಕಿಯ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಮೇಷ್ಟ್ರು ಅವಳಿಗೆ ಗೊತ್ತಾಗದಂತೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ ಎಂಬುದು ಅವರ ವಾದ. ಜಯ ತಿಂಗಳುಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ಸಾಕ್ಷಿ ಹೇಳಲು ಸುಧಾಮಣಿ ಕಟಕಟೆ ಹತ್ತಿದ ದಿನ ನಾನು ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ.

"ಇಷ್ಟು ವರ್ಷದ ಮೇಲೂ ಆ ದಿನ ಹೇಗಮ್ಮ ನೆನಪಿದೆ?" ಎಂದರು ಎದುರು ವಕೀಲರು.

"ಸೈನ್ ಆಕ್ಸೋಕ್ ಮುಂಚೆ ಕಬ್ಬು ತಿನ್ಸಿ ನಮ್ ಹಲ್ಲು ನೋಡುದ್ರು ಸಾರ್. ಅದ್ನ ಎಂಗ್ ಮರೆಯೋದು?"

"ಅವರ ಬುದ್ಧಿ ನೆಟ್ಟಗಿತ್ತಾ?"

"ನಾವು ಬಾಳಿಕೆ ಬತ್ತೀವಾ ಅಂತ ಪರೀಕ್ಸೆ ಮಾಡಿ ಆರಿಸ್ಕೊಂಡೋರು ಸಾರ್ ಅವ್ರು. ನಮ್ಗಿಂತ ನೆಟ್ಟಗಿತ್ತು."

ನ್ಯಾಯಾಧೀಶರು ತಲೆ ತಗ್ಗಿಸಿ ನಕ್ಕು ಬರೆದುಕೊಂಡರು. ಮನೆ ಜಯಳಿಗಾಯಿತು. ತೀರ್ಪಿನ ದಿನ ನಾನು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಗುರುತಿದ್ದವರಿಗೆ, ಇಲ್ಲದವರಿಗೆ ಎಲ್ಲರಿಗೂ ಮೈಸೂರುಪಾಕು ಹಂಚಿದೆ. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿಗೂ ಹೇಳಿದ್ದೇನೆ. ಜಯ ಮನೆಗೆ ಹೋದವಳೇ ಬಾಗಿಲಿಗೆ ಹೊಸ ಬೀಗ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

ಆಮೇಲೆ ನಾನೂ ಸಾವಿನ ಮಾತು ಬಂದಾಗ ಓಡಿಹೋಗುವುದನ್ನು ನಿಲ್ಲಿಸಿದೆ. ವಿಮೆ ಕಾಗದ ಹುಡುಕಿ ಹೆಂಡತಿಯ ಕೈಗೆ ಕೊಟ್ಟು, ನನ್ನ ಉಯಿಲನ್ನೂ ದುಂಡಗೆ ಬರೆದೆ. ಸಾಕ್ಷಿ ಹಾಕಲು ಶಾಲೆಯ ಇಬ್ಬರು ಹೊಸ ಮೇಷ್ಟ್ರುಗಳು ಮನೆಗೆ ಬಂದರು. ಹೆಂಡತಿ ಕಾಫಿಗಿಡಲು ಎದ್ದಳು. ಕಾಫಿ ಆಮೇಲೆ, ಮೊದಲು ಎರಡು ತುಂಡು ಕಬ್ಬು ತಾ ಎಂದೆ.